ದಮ್ಮು ಒಂದು, ಕಸುವು ಇನ್ನೊಂದು

ನಮ್ಮ ಅರಸೀಕೆರೆ ಕಡೆ ಮನುಷ್ಯರ ಮೈಯನ್ನು ಅಳೆಯಲು ಎರಡು ಮಾತುಗಳಿವೆ. ಒಂದು ದಮ್ಮು, ಇನ್ನೊಂದು ಕಸುವು. ಏರಿನಲ್ಲಿ ನಡೆದರೂ ಏದುಸಿರು ಬಿಡದವನಿಗೆ ದಮ್ಮಿದೆ ಅನ್ನುತ್ತಾರೆ. ಕೊಬ್ಬರಿ ಮೂಟೆಗೆ ಹೆಗಲು ಕೊಟ್ಟು ಎದ್ದು ನಿಲ್ಲುವವನಿಗೆ ಕಸುವಿದೆ ಅನ್ನುತ್ತಾರೆ. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಊರಿಂದೂರಿಗೆ ನಡೆದುಕೊಂಡೇ ಹೋಗಿ ಬರುತ್ತಿದ್ದ ನಮ್ಮ ಸೋದರಮಾವನಿಗೆ ಭರ್ತಿ ಚೀಲ ಎತ್ತಲು ಆಗುತ್ತಿರಲಿಲ್ಲ. ಚೀಲ ಎತ್ತುವ ಹಮಾಲಿಗಳಲ್ಲಿ ಎಷ್ಟೋ ಜನ ಬಸ್ಸಿನ ಹಿಂದೆ ನೂರು ಹೆಜ್ಜೆ ಓಡಿದರೆ ಸೊಂಟ ಹಿಡಿದು ನಿಲ್ಲುತ್ತಾರೆ. ಜಿಮ್ಮಿನವರು ಕಾರ್ಡಿಯೋ, ಸ್ಟ್ರೆಂತ್ ಎಂದು ಎರಡು ಮೂಲೆ ಮಾಡಿಟ್ಟಿರುವುದು ಇದನ್ನೇ. ಮೂರನೆಯ ಅಳತೆ, ತೂಕ, ನನ್ನ ಅಜ್ಜಿಯ ಕಾಲಕ್ಕೆ ಕೊಬ್ಬರಿಗೆ ಮತ್ತು ರಾಗಿಗೆ ಮಾತ್ರ ಇತ್ತು. ಮನುಷ್ಯರನ್ನು ತಕ್ಕಡಿಗೆ ಹತ್ತಿಸುವ ಅಭ್ಯಾಸ ನಮ್ಮ ಮನೆಗೆ ಬಂದದ್ದು ತೀರಾ ಇತ್ತೀಚೆಗೆ. ಬಂದ ಮೇಲೆ ಅದು ಉಳಿದ ಎರಡನ್ನೂ ನುಂಗಿಬಿಟ್ಟಿದೆ.

ನಾನು ಮೈಸೂರಿನಲ್ಲಿ ಜಾನಪದದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಬೀಸುವ ಮತ್ತು ಕುಟ್ಟುವ ಹಾಡುಗಳು. ದುಡಿಯುವ ಹೆಂಗಸರ ಬಗ್ಗೆ ದಿನಕ್ಕೆ ಎಂಟು ಗಂಟೆ ಕುರ್ಚಿಯ ಮೇಲೆ ಕೂತು ಬರೆಯುವ ಕೆಲಸ ಇದು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ನನ್ನ ತೂಕ 66 ಕೆಜಿ, ಎತ್ತರ ಐದು ಅಡಿ ಎರಡಿಂಚು. ತಿಂಗಳ ಮುಟ್ಟು ಏರುಪೇರಾಗಿ ಡಾಕ್ಟರ್ ಹತ್ತಿರ ಹೋದಾಗ ಅವರು ಪಿಸಿಓಡಿ ಎಂದು ಬರೆದು, “ಐದು ಕೆಜಿ ಇಳಿಸಿ, ಅರ್ಧ ಸಮಸ್ಯೆ ತಾನೇ ಸರಿಹೋಗುತ್ತೆ” ಅಂದರು. ಅದೇ ತಿಂಗಳು ಯಾವುದೋ ಮದುವೆಯಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು, “ಒಂದೈದ್ ಕೆಜಿ ಇಳಿಸ್ಕೊ ಮಗ, ಗಂಡಿನ ಕಡೆಯವ್ರು ಫೋಟೋ ಕೇಳ್ತಾವ್ರೆ” ಅಂದರು. ಇಬ್ಬರ ಬಾಯಲ್ಲೂ ಅದೇ ಐದು ಕೆಜಿ. ಕಾರಣಗಳು ಎಷ್ಟು ಬೇರೆಯಾಗಿದ್ದವು ಎಂದು ಆಗ ನಗು ಬಂತು. ಆದರೆ ಐದು ಕೆಜಿ ಯಾವುದರದ್ದು ಎಂದು ಇಬ್ಬರೂ ಹೇಳಲಿಲ್ಲ ಎನ್ನುವುದು ಹೊಳೆದದ್ದು ಅಮ್ಮನನ್ನು ನೋಡಿದ ಮೇಲೆ.

ಅಮ್ಮನಿಗೆ 53ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ವಾಕಿಂಗ್ ಮಾಡಿ, ಅನ್ನ ಕಡಿಮೆ ಮಾಡಿ ಅಂದರು. ಅಮ್ಮ ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಹೆಂಗಸು. ಬೆಳಿಗ್ಗೆ ಒಂದು ಗಂಟೆ, ಸಂಜೆ ಮುಕ್ಕಾಲು ಗಂಟೆ ಸ್ಟೇಷನ್ನಿನ ಕಡೆಗೆ ನಡಿಗೆ. ಮಧ್ಯಾಹ್ನ ಒಂದು ಪುಟ್ಟ ಮುದ್ದೆ, ತಿಳಿಸಾರು. ರಾತ್ರಿ ಒಂದು ಚಪಾತಿ, ಕೆಲವೊಮ್ಮೆ ಅದೂ ಇಲ್ಲ. ಹನ್ನೊಂದು ತಿಂಗಳಲ್ಲಿ 68 ಇದ್ದವಳು 57ಕ್ಕೆ ಬಂದಳು. ಸಕ್ಕರೆಯೂ ಇಳಿಯಿತು, ಅದರಲ್ಲಿ ಸುಳ್ಳಿಲ್ಲ. ಬೀದಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ರವಿಕೆಗಳನ್ನೆಲ್ಲ ಹಿಡಿಸಿಕೊಂಡು ಅಮ್ಮನೂ ಖುಷಿಯಾಗಿದ್ದಳು.

ದಸರಾ ರಜೆಗೆ ಊರಿಗೆ ಹೋದಾಗ ಗಮನಿಸಿದೆ. ಈಳಿಗೆ ಮಣೆ ಮುಂದೆ ಕೂತು ಸೊಪ್ಪು ಹೆಚ್ಚಿದವಳು ಏಳುವಾಗ ಎಡಗೈ ಗೋಡೆಗೆ, ಬಲಗೈ ಮಂಡಿಗೆ ಊರಿ, ಎರಡು ಸಲ ಪ್ರಯತ್ನಿಸಿ ಎದ್ದಳು. ತುಂಬಿದ ಕೊಡವನ್ನು ಅಡುಗೆಮನೆಗೆ ತರುವಾಗ ನಡುವೆ ಒಮ್ಮೆ ಕೆಳಗಿಟ್ಟಳು. ಇದೇ ಹೆಂಗಸು ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಕೊಡ ಸೊಂಟದ ಮೇಲೆ, ಒಂದು ಕೈಯಲ್ಲಿ ಹಿಡಿದು ಬೋರ್‌ವೆಲ್ಲಿನಿಂದ ಬರುತ್ತಿದ್ದಳು.

“ಮಂಡಿ ನೋವಾ?” ಎಂದು ಕೇಳಿದೆ.

“ನೋವೇನಿಲ್ಲ ಮಗ. ಕಸುವಿಲ್ಲ, ಅಷ್ಟೆ.”

ದಮ್ಮು ಬೇಕಾದಷ್ಟಿತ್ತು. ಸ್ಟೇಷನ್ನಿನ ತನಕ ನನಗಿಂತ ಬಿರುಸಾಗಿ ನಡೆಯುತ್ತಿದ್ದಳು. ಹೋದದ್ದು ಇನ್ನೊಂದು.

ತೂಕ ಇಳಿಯುವುದು ಎಂದರೆ ಕೊಬ್ಬು ಇಳಿಯುವುದು ಎಂದು ನಾವು ಅಂದುಕೊಂಡಿರುತ್ತೇವೆ. ಮೈಗೆ ಆ ನಿಯತ್ತಿಲ್ಲ. ತಿನ್ನುವುದು ಕಡಿಮೆಯಾದಾಗ ಅದು ಕೊಬ್ಬನ್ನೂ ಉರಿಸುತ್ತದೆ, ಸ್ನಾಯುವನ್ನೂ ಒಡೆದು ಬಳಸಿಕೊಳ್ಳುತ್ತದೆ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಎನ್ನುವುದು ಈ ಕ್ಷೇತ್ರದವರ ಸ್ಥೂಲ ಲೆಕ್ಕ. ವಯಸ್ಸಾದಷ್ಟೂ, ಪ್ರೋಟೀನ್ ಕಡಿಮೆಯಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದು ಇಮ್ಮಡಿ ನಷ್ಟ. ಊಟವಾದ ಮೇಲೆ ರಕ್ತಕ್ಕೆ ಬರುವ ಗ್ಲೂಕೋಸನ್ನು ಇನ್ಸುಲಿನ್ ತುಂಬಿಡುವ ದೊಡ್ಡ ಕಣಜ ಸ್ನಾಯುವೇ. ಕಣಜವನ್ನೇ ಚಿಕ್ಕದು ಮಾಡಿಕೊಂಡು ಕಾಳು ಚೆಲ್ಲುತ್ತಿದೆ ಎಂದರೆ ಹೇಗೆ?

ನಮ್ಮವರ ವಿಷಯದಲ್ಲಿ ಕಣಜ ಮೊದಲೇ ಚಿಕ್ಕದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟದ ಸಣ್ಣ ಬರಹವೊಂದು ಬಂದಿತ್ತು, ಒಂದು ಫೋಟೋದ ಜೊತೆ. ಇಬ್ಬರು ವೈದ್ಯರು ಅಕ್ಕಪಕ್ಕ ನಿಂತಿದ್ದಾರೆ: ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯೂಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಯೂಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ 21.2. ತಕ್ಕಡಿಯ ಕಣ್ಣಿಗೆ ಇಬ್ಬರೂ ಒಂದೇ. ನೋಡಲು ತೆಳ್ಳಗೆ, ಒಳಗೆ ಕೊಬ್ಬು, ಸ್ನಾಯು ಕಡಿಮೆ. ಭಾರತೀಯರಲ್ಲಿ ಇಂಥ ಮೈ ತೀರಾ ಸಾಮಾನ್ಯ. ಇಂಥ ಮೈಯವರಿಗೆ ‘ಸಣ್ಣ ಆಗು’ ಎನ್ನುವುದು ಅರ್ಧ ಸಲಹೆ ಮಾತ್ರ. ಇರುವುದನ್ನು ಉಳಿಸಿಕೊಂಡು, ಆದರೆ ಸ್ವಲ್ಪ ಸೇರಿಸಿಕೊಂಡು ಸಣ್ಣ ಆಗಬೇಕು. ಅಲ್ಲಿ ಬರುತ್ತದೆ ಕಷ್ಟ.

ನಮ್ಮಲ್ಲಿ ವ್ಯಾಯಾಮ ಎಂದರೆ ವಾಕಿಂಗ್. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಮೈಸೂರಿನ ಅರ್ಧ ನಿವೃತ್ತ ಜನ ಸಿಗುತ್ತಾರೆ. ನೀರಿನ ನಡುವೆ ಹೆಜ್ಜಾರ್ಲೆಗಳು ಕೂತಿರುತ್ತವೆ, ಏರಿಯ ಮೇಲೆ ಪ್ರೊಫೆಸರುಗಳು ಪಿಂಚಣಿಯ ಬಗ್ಗೆ ಮಾತಾಡುತ್ತ ನಡೆಯುತ್ತಾರೆ. ನನಗೆ ಆ ಕೆರೆ ಇಷ್ಟ. ನನ್ನ ಪ್ರಬಂಧದ ಎರಡು ಅಧ್ಯಾಯಗಳ ಚೌಕಟ್ಟು ಹೊಳೆದದ್ದು ಅದರ ಸುತ್ತ ನಡೆಯುವಾಗಲೇ. ನಡಿಗೆ ಹೃದಯಕ್ಕೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು, ಮನಸ್ಸಿಗಂತೂ ಸೈ. ಆದರೆ ಇಳಿಸುವ ಲೆಕ್ಕದಲ್ಲಿ ಅದು ಎಷ್ಟು ಮಾಡುತ್ತದೆ? ಅರವತ್ತು ಕೆಜಿಯ ಮನುಷ್ಯ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ಕ್ಯಾಂಟೀನಿನ ಒಂದು ಸೆಟ್ ದೋಸೆಗೆ ಅದು ಸಾಲದು. ಒಂದು ಕೆಜಿ ಕೊಬ್ಬಿನಲ್ಲಿರುವುದು ಸುಮಾರು 7700 ಕ್ಯಾಲೊರಿ. ಮಿಕ್ಕದ್ದನ್ನು ನೀವೇ ಗುಣಿಸಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ನು ಎಲ್ಲರೂ ಅರ್ಧ ಓದಿದ್ದಾರೆ ಅನ್ನಿಸುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಎನ್ನುವುದು ವಾಟ್ಸ್ಯಾಪ್ ಗುಂಪುಗಳಲ್ಲೂ ಓಡಾಡಿದೆ. ವಾರದಲ್ಲಿ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳೆಲ್ಲಕ್ಕೂ ಬಲದ ಕೆಲಸ ಕೊಡಬೇಕು ಎಂಬ ಮಾತೂ ಅದರ ಜೊತೆಗೇ ಇದೆ. ಅದನ್ನು ಅಮ್ಮನಿಗೆ ಯಾರೂ ಹೇಳಲಿಲ್ಲ. ಕೆರೆ ಏರಿಯ ಮೇಲಿನವರಿಗೂ ಹೇಳಿದ ಹಾಗೆ ಕಾಣೆ.

ಹಿಂದೆ ಹೇಳುವ ಅಗತ್ಯವೂ ಇರಲಿಲ್ಲ, ಇಲ್ಲಿ ನನ್ನ ಸಂಶೋಧನೆಗೂ ಈ ವಿಷಯಕ್ಕೂ ಗಂಟು ಬೀಳುತ್ತದೆ. ಬೀಸುವ ಕಲ್ಲು, ಒರಳು, ಒನಕೆ, ಬಾವಿಯ ಹಗ್ಗ, ಸೌದೆ ಹೊರೆ. ಹೆಂಗಸಿನ ದಿನದಲ್ಲಿ ಎಳೆಯುವುದು, ಎತ್ತುವುದು, ಕುಟ್ಟುವುದು, ತಿರುಗಿಸುವುದು ಎಲ್ಲ ಇತ್ತು. ಗಂಡಸರಿಗೆ ಕಸುವಿಗೆಂದೇ ಗರಡಿ ಮನೆ ಇತ್ತು. ಮೈಸೂರಿನ ಹಳೇ ಬೀದಿಗಳಲ್ಲಿ ಇವತ್ತಿಗೂ ಕೆಮ್ಮಣ್ಣಿನ ಮಟ್ಟಿ, ಗದೆ, ಕಲ್ಲುಗುಂಡುಗಳಿರುವ ಗರಡಿಗಳಿವೆ. ದಂಡ, ಬಸ್ಕಿ ಹೊಡೆಯದೆ ಅಲ್ಲಿ ಯಾರೂ ಮಟ್ಟಿಗೆ ಇಳಿಯುವುದಿಲ್ಲ. ಹೆಂಗಸರಿಗೆ ಗರಡಿ ಇರಲಿಲ್ಲ, ಅಡುಗೆಮನೆಯೇ ಇತ್ತು. ಒನಕೆ ಓಬವ್ವನ ಕತೆ ಹೇಳುವಾಗ ನಾವೆಲ್ಲ ಆಕೆಯ ಧೈರ್ಯವನ್ನು ಹೊಗಳುತ್ತೇವೆ. ಆಕೆಯ ತೋಳಿನ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಒನಕೆಯ ಏಟು ಮತ್ತೆ ಮತ್ತೆ ಸರಿಯಾಗಿ ಬೀಳಬೇಕಾದರೆ ವರ್ಷಗಟ್ಟಲೆ ಭತ್ತ ಕುಟ್ಟಿದ ಭುಜ ಬೇಕು.

ಮಿಲ್ಲು ಬಂತು, ಮಿಕ್ಸಿ ಬಂತು, ನಲ್ಲಿ ಬಂತು, ಗ್ಯಾಸು ಬಂತು. ಬರಲೇಬೇಕಿತ್ತು. ಬೀಸುಕಲ್ಲಿನ ಕಾಲವನ್ನು ಹಾಡಿ ಹೊಗಳುವ ಪ್ರಬಂಧಗಳನ್ನು ಓದಿದರೆ ನನಗೆ ಸಿಟ್ಟು ಬರುತ್ತದೆ, ಬರೆದವರಲ್ಲಿ ಯಾರೂ ಬೀಸಿದವರಲ್ಲ. ನಾನು ದಾಖಲಿಸಿದ ಹಾಡುಗಳಲ್ಲಿ ಅರ್ಧಕ್ಕರ್ಧ ತೋಳು ನೋವಿನ, ಹಸಿವಿನ ಹಾಡುಗಳೇ. ದುಡಿತ ಇದ್ದು ಊಟ ಇಲ್ಲದಿದ್ದರೆ ಕಸುವು ಬೆಳೆಯುವುದಿಲ್ಲ, ಕರಗುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಜನ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು, ವಾರಕ್ಕೆ 22 ಮೈಲಿ ನಡೆಸಿ ನೋಡಿದರು. ಸುಮಾರು ಕಾಲು ಭಾಗ ತೂಕ ಹೋಯಿತು, ಜೊತೆಗೆ ಬಲವೂ ಹೋಯಿತು, ಮನಸ್ಸೂ ಕೆಟ್ಟಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಮ್ಮನ ಕತೆ ಅಷ್ಟು ಘೋರವಲ್ಲ, ಆದರೆ ನಡಿಗೆ ಮತ್ತು ಅರೆಹೊಟ್ಟೆಯ ಜೋಡಿಯನ್ನು ಆ ಪುಸ್ತಕದಲ್ಲಿ ಓದಿದಾಗ ಗುರುತು ಸಿಕ್ಕಂತಾಯಿತು. ನಮ್ಮಲ್ಲಿ ಆದದ್ದು ಇಷ್ಟು: ಯಂತ್ರಗಳು ಬಂದು ಹೆಂಗಸಿನ ದಿನದಿಂದ ದಮ್ಮು, ಕಸುವು ಎರಡರ ಕೆಲಸವನ್ನೂ ತೆಗೆದವು. ದಮ್ಮಿನ ಕೆಲಸ ವಾಕಿಂಗ್ ಎಂಬ ಹೆಸರಿನಲ್ಲಿ ವಾಪಸು ಬಂತು. ಕಸುವಿನದ್ದು ಬರಲೇ ಇಲ್ಲ.

ಹಾಸ್ಟೆಲ್ಲಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಸಾಧಾರಣ ಜಿಮ್ ಇದೆ. ಮೊದಲ ದಿನವೇ ಟ್ರೈನರ್ ನನ್ನನ್ನು ಟ್ರೆಡ್‌ಮಿಲ್ ಕಡೆ ಕರೆದೊಯ್ದ. “ಮೇಡಂ, ಮೂರ್ ತಿಂಗ್ಳು ಕಾರ್ಡಿಯೋ ಮಾಡಿ. ಫ್ಯಾಟ್ ಹೋದ್ಮೇಲೆ ಟೋನಿಂಗ್ ನೋಡಣ.” ಹೆಂಗಸರು ಬಂದರೆ ಎಲ್ಲರಿಗೂ ಇದೇ ಪಾಠ ಎಂದು ಆಮೇಲೆ ತಿಳಿಯಿತು. ಗುಲಾಬಿ ಬಣ್ಣದ ಎರಡು ಕೆಜಿ ಡಂಬೆಲ್ಲುಗಳು ನಮ್ಮ ಕಡೆ, ಕಬ್ಬಿಣದ ರಾಡು, ತಟ್ಟೆಗಳು ಹುಡುಗರ ಕಡೆ. ನಾನು ರಾಡು ಬೇಕೆಂದಾಗ ಅವನು ಪ್ರಾಮಾಣಿಕವಾಗಿಯೇ ಗಾಬರಿಯಾದ. “ಬಾಡಿ ಗಂಡಸ್ರ ಥರ ಆಗುತ್ತೆ ಮೇಡಂ.” ಟೋಕಿಯೋದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಇದ್ದದ್ದು 49 ಕೆಜಿ ವಿಭಾಗದಲ್ಲಿ, ಅಂದು ತಲೆಯ ಮೇಲಕ್ಕೆ ಎತ್ತಿದ್ದು 115 ಕೆಜಿ ಎಂದು ಹೇಳಿ ಫೋನಿನಲ್ಲಿ ಫೋಟೋ ತೋರಿಸಿದೆ. ಅವನು ನೋಡಿ, “ಇವ್ರು ಸಣ್ಣುಕ್ಕೇ ಇದಾರಲ್ಲ!” ಅಂದ. ಒಳ್ಳೆಯ ಹುಡುಗ. ಆಮೇಲೆ ನನಗೆ ಬೆನ್ನು ಬಾಗಿಸದೆ ನೆಲದಿಂದ ರಾಡು ಎತ್ತುವುದನ್ನು ತಾಳ್ಮೆಯಿಂದ ಕಲಿಸಿದ್ದು ಅವನೇ.

ಹಾಗಾದರೆ ನಡಿಗೆ, ಓಟ ಬಿಟ್ಟು ಬರೀ ಎತ್ತುವುದಾ? ಈ ವಾದ ಜಿಮ್ಮಿನ ಹುಡುಗರಲ್ಲಿ ಜೋರಾಗಿದೆ. ಕಾರ್ಡಿಯೋ ಮಾಡಿದರೆ ಸ್ನಾಯು ‘ತಿಂದುಹೋಗುತ್ತದೆ’ ಎಂದು ಮೆಟ್ಟಿಲು ಹತ್ತುವುದಕ್ಕೂ ಲೆಕ್ಕ ಹಾಕುವವರಿದ್ದಾರೆ. ಈ ಭಯಕ್ಕೊಂದು ಮೂಲ ಇದೆ. ರಾಬರ್ಟ್ ಹಿಕ್ಸನ್ ಎಂಬ ಅಮೆರಿಕನ್ ಸಂಶೋಧಕ ಭಾರ ಎತ್ತುವ ಹವ್ಯಾಸದವನು. ಜಾನ್ ಹೊಲೊಸಿ ಅವರ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿ, ಓಡುವ ಚಟದ ಆ ಹಿರಿಯರ ಜೊತೆ ತಾನೂ ಓಡತೊಡಗಿದ. ಸ್ವಲ್ಪ ದಿನಕ್ಕೆ ತನ್ನ ಬಲ ಕುಗ್ಗುತ್ತಿದೆ ಅನ್ನಿಸಿತು. ಗೈಡ್ ಜೊತೆ ಓಡಲಾರೆ ಎಂದು ಹೇಳುವ ಕಷ್ಟ ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹಿಕ್ಸನ್ ಮಾತ್ರ ಅದನ್ನೇ ಪ್ರಯೋಗ ಮಾಡಿದ. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೆ ಐದು ದಿನ ಬರೀ ಎತ್ತಿತು, ಇನ್ನೊಂದು ಆರು ದಿನ ಬರೀ ಓಡಿ ಸೈಕಲ್ ತುಳಿಯಿತು, ಮೂರನೆಯದು ಎರಡನ್ನೂ ಪೂರ್ತಿ ಮಾಡಿತು. ಹತ್ತು ವಾರ. ಎರಡನ್ನೂ ಮಾಡಿದವರ ಬಲ ಏಳನೇ ವಾರದ ತನಕ ಏರಿತು, ಅಲ್ಲಿ ನಿಂತಿತು, ಕೊನೆಯ ವಾರಗಳಲ್ಲಿ ಇಳಿಯಿತು. ದಮ್ಮಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ.

ಈ ಕತೆಯನ್ನು ಅರ್ಧ ಹೇಳುವವರೇ ಹೆಚ್ಚು. ಹಿಕ್ಸನ್‌ನ ಮೂರನೇ ಗುಂಪು ವಾರಕ್ಕೆ ಹನ್ನೊಂದು ಸಲ ಮೈ ದಂಡಿಸಿತ್ತು. ನಮ್ಮಲ್ಲಿ ಯಾರಿಗೆ ಅಷ್ಟು ಪುರುಸೊತ್ತು? ಆಮೇಲಿನ ನಲವತ್ತು ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2022ರ ಒಂದು ವಿಶ್ಲೇಷಣೆ, ಎರಡನ್ನೂ ಜೊತೆಗೆ ಮಾಡಿದರೆ ಸ್ನಾಯುವಿನ ಬೆಳವಣಿಗೆಗಾಗಲೀ ಗರಿಷ್ಠ ಬಲಕ್ಕಾಗಲೀ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ ಎಂದಿತು. ಚಿಮ್ಮುವ, ಜಿಗಿಯುವ ವೇಗದ ಬಲ ಮಾತ್ರ ಒಂದಿಷ್ಟು ತಗ್ಗಬಹುದು, ಅದೂ ಎರಡನ್ನೂ ಒಂದೇ ಹೊತ್ತಿಗೆ ತುರುಕಿದರೆ. ನಾನೇನು ಎತ್ತರ ಜಿಗಿತಕ್ಕೆ ಇಳಿಯುವವಳಲ್ಲ. ಸ್ನಾಯು ತಿನ್ನುವ ಭೂತ ನಡಿಗೆಯಲ್ಲಿಲ್ಲ. ಕಡಿಮೆ ಊಟ, ಕಡಿಮೆ ನಿದ್ದೆ, ಅತಿಯಾದ ಓಟ ಮೂರೂ ಸೇರಿದಾಗ ಮತ್ತು ಎತ್ತುವ ಕೆಲಸ ಒಂದೂ ಇಲ್ಲದಾಗ ಅದು ಬರುತ್ತದೆ. ಸ್ನಾಯುವಿಗೆ ‘ನೀನು ಇನ್ನೂ ಬೇಕು’ ಎಂದು ವಾರಕ್ಕೆ ಎರಡು ಮೂರು ಸಲ ಗಟ್ಟಿಯಾಗಿ ಹೇಳಿದರೆ, ಮೈ ಕೊಬ್ಬಿನ ಕಡೆ ತಿರುಗುತ್ತದೆ.

ಹೀಗೆಂದು ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐವತ್ತು ನಿಮಿಷ ಎತ್ತುವುದು ಎಂದು ಮಾಡಿಕೊಂಡೆ. ಹೆಚ್ಚು ಬಗೆಯೇನಿಲ್ಲ: ಕೂತು ಏಳುವುದು, ನೆಲದಿಂದ ಎತ್ತುವುದು, ಎದೆಯಿಂದ ದೂಡುವುದು, ನನ್ನ ಕಡೆ ಎಳೆದುಕೊಳ್ಳುವುದು. ಕೊನೆಯ ಎರಡು ಎಣಿಕೆ ಕಷ್ಟವಾಗಬೇಕು, ಅದು ಸುಲಭವಾದ ವಾರ ಎರಡೂವರೆ ಕೆಜಿ ಹೆಚ್ಚು. ಮಂಗಳವಾರ, ಗುರುವಾರ ಕೆರೆ ಸುತ್ತ ಬಿರುಸು ನಡಿಗೆ, ಭಾನುವಾರ ಗೆಳತಿಯರ ಜೊತೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಒಂದೇ ದಿನ ಎರಡೂ ಬಂದರೆ ಮೊದಲು ರಾಡು, ಆಮೇಲೆ ನಡಿಗೆ. ದಣಿದ ಕಾಲಲ್ಲಿ ನಡೆಯಬಹುದು, ಭಾರ ಎತ್ತಬಾರದು.

ಊಟದ ವಿಷಯಕ್ಕೆ ಬಂದರೆ ಹಾಸ್ಟೆಲ್ ಮೆಸ್ಸು ನಿಜವಾದ ಪರೀಕ್ಷೆ. ಅನ್ನ, ಸಾರು, ಪಲ್ಯ, ಹಪ್ಪಳ, ಮಜ್ಜಿಗೆ. ಸಾರಿನ ತಳದಲ್ಲಿ ಬೇಳೆಗೆ ಹುಡುಕಾಟ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಒಂದು ಪ್ರಯೋಗ ನನ್ನ ಮೇಜಿನ ಮುಂದೆ ಅಂಟಿಸಿದ್ದೇನೆ. ದಪ್ಪಗಿದ್ದ ಯುವಕರಿಗೆ ನಾಲ್ಕು ವಾರ ಬೇಕಾದ್ದಕ್ಕಿಂತ ಶೇಕಡಾ 40ರಷ್ಟು ಕಡಿಮೆ ಕ್ಯಾಲೊರಿ ಕೊಟ್ಟು, ವಾರಕ್ಕೆ ಆರು ದಿನ ಎತ್ತುವುದು, ಬಿರುಸಿನ ಕಾರ್ಡಿಯೋ ಎರಡನ್ನೂ ಮಾಡಿಸಿದರು. ಮೈತೂಕದ ಪ್ರತಿ ಕೆಜಿಗೆ 1.2 ಗ್ರಾಂ ಪ್ರೋಟೀನ್ ತಿಂದವರು ಸ್ನಾಯುವನ್ನು ಹಾಗೇ ಉಳಿಸಿಕೊಂಡರು, 3.5 ಕೆಜಿ ಕೊಬ್ಬು ಕಳೆದುಕೊಂಡರು. 2.4 ಗ್ರಾಂ ತಿಂದವರು 4.8 ಕೆಜಿ ಕೊಬ್ಬು ಕಳೆದು, ಕೊಬ್ಬಲ್ಲದ ತೂಕವನ್ನು 1.2 ಕೆಜಿ ಹೆಚ್ಚಿಸಿಕೊಂಡರು. ಊಟ ಕಡಿಮೆ ಇದ್ದಾಗಲೂ! ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ಆರೋಗ್ಯವಂತರಿಗೆ ಹೇಳುವುದು ಕೆಜಿಗೆ 0.83 ಗ್ರಾಂ. ನಾನು ನಡುವಿನ ದಾರಿ ಹಿಡಿದು ದಿನಕ್ಕೆ 90 ಗ್ರಾಂ ಗುರಿ ಇಟ್ಟುಕೊಂಡೆ. ಮೂರು ಮೊಟ್ಟೆ ಹದಿನೆಂಟು ಗ್ರಾಂ, ಐವತ್ತು ಗ್ರಾಂ ಒಣ ಸೋಯಾ ಇಪ್ಪತ್ತಾರು, ಅರ್ಧ ಲೀಟರ್ ಹಾಲು ಮೊಸರಿನಿಂದ ಹದಿನಾರು, ಮಿಕ್ಕದ್ದು ಬೇಳೆ, ಹುರುಳಿಕಾಳು, ಕಡಲೆಕಾಯಿ ಮತ್ತು ಮೆಸ್ಸಿನ ಕೃಪೆ. ಹುರುಳಿಯಲ್ಲಿ ನೂರು ಗ್ರಾಂಗೆ ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಇದೆ. ಎತ್ತಿಗೆ ಇಟ್ಟು ನಾವು ಬಸಿದ ಕಟ್ಟಿನ ಸಾರು ಉಣ್ಣುತ್ತಿದ್ದೆವು, ಈಗ ಕಾಳನ್ನೂ ತಿನ್ನುತ್ತೇನೆ. ಡಬ್ಬಿ ಪೌಡರು ಫೆಲೋಶಿಪ್ ಬಂದ ತಿಂಗಳು ಮಾತ್ರ.

ಏಳು ತಿಂಗಳಲ್ಲಿ ಇಳಿದದ್ದು ನಾಲ್ಕೂವರೆ ಕೆಜಿ. ದೊಡ್ಡಮ್ಮನ ಲೆಕ್ಕಕ್ಕೆ ಅರ್ಧ ಕೆಜಿ ಬಾಕಿ. ನಡುವೆ ಏಳು ವಾರ ತಕ್ಕಡಿಯ ಮುಳ್ಳು ಕದಲಲೇ ಇಲ್ಲ, ಅದೇ ಏಳು ವಾರದಲ್ಲಿ ಸೊಂಟದ ಸುತ್ತಳತೆ ಒಂದೂವರೆ ಇಂಚು ಕಡಿಮೆಯಾಯಿತು. ಒಟ್ಟು 36 ಇಂಚಿನಿಂದ 32. ನೆಲದಿಂದ 20 ಕೆಜಿ ಎತ್ತುತ್ತಿದ್ದವಳು 60 ಎತ್ತಿದೆ. ಮುಟ್ಟು ಕ್ರಮಕ್ಕೆ ಬಂತು. ಸ್ನಾಯು ಬೆಳೆದರೆ ಮಲಗಿದ್ದಾಗಲೂ ಕ್ಯಾಲೊರಿ ಉರಿಯುತ್ತದೆ ಎಂದು ಜಿಮ್ಮಿನ ಗೋಡೆಯ ಮೇಲೆ ಬರೆದಿದೆ. ಅದು ಅತಿಶಯ, ಒಂದು ಕೆಜಿ ಸ್ನಾಯು ಸುಮ್ಮನಿದ್ದರೆ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲೊರಿ, ಅರ್ಧ ಬಿಸ್ಕತ್ತೂ ಅಲ್ಲ. ಸ್ನಾಯು ಬೇಕಿರುವುದು ಅದಕ್ಕಲ್ಲ. ಲೈಬ್ರರಿಯ ಮೇಲಿನ ಕಪಾಟಿನಿಂದ ಶಾಸನ ಸಂಪುಟಗಳನ್ನು ಯಾರನ್ನೂ ಕರೆಯದೆ ಇಳಿಸುತ್ತೇನೆ, ನನಗೆ ಸದ್ಯಕ್ಕೆ ಅಷ್ಟು ಸಾಕು.

ಅಮ್ಮನನ್ನು ಜಿಮ್ಮಿಗೆ ಒಯ್ಯುವಂತಿರಲಿಲ್ಲ, ಅರಸೀಕೆರೆಯಲ್ಲಿ ಅಮ್ಮನ ವಯಸ್ಸಿನವರು ಅಲ್ಲಿಗೆ ಹೋದರೆ ಸಂಜೆಗೆ ಸುದ್ದಿ. ಡಾಕ್ಟರನ್ನು ಕೇಳಿ, ಅವರು ಸರಿ ಅಂದ ಮೇಲೆ, ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಕೈ ಊರದೆ ಕೂತು ಏಳುವುದನ್ನು ಹೇಳಿಕೊಟ್ಟೆ. ಮೊದಲ ದಿನ ಐದಕ್ಕೆ ಕಾಲು ನಡುಗಿತು. “ಬಸ್ಕಿ ಹೊಡ್ಸೋಕೆ ನಾನೇನ್ ಹೋಂವರ್ಕ್ ಮಾಡಿಲ್ವೇನೆ?” ಅಂದಳು. ಎರಡು ಕೈಯಲ್ಲೂ ಕಾಲು ತುಂಬಿದ ಬಿಂದಿಗೆ ಹಿಡಿದು ಹಿತ್ತಲಲ್ಲಿ ಹತ್ತು ಮಾರು ಹೋಗಿ ಬರುವುದು. ಗೋಡೆಗೆ ಅಂಗೈ ಊರಿ ದೂಡುವುದು. ವಾರಕ್ಕೆ ಮೂರು ದಿನ, ನಡಿಗೆ ಒಂದೇ ಹೊತ್ತು. ಕಷ್ಟವಾದದ್ದು ಊಟ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಸಾರಿಗೆ ಹಾಕುವ ಬೇಳೆಯನ್ನು ಇಮ್ಮಡಿ ಮಾಡು ಅಂದರೆ “ದಂಡ ಕಣೆ” ಅನ್ನುತ್ತಾಳೆ. ಕೊನೆಗೆ ಮೊಸರು ಮತ್ತು ಮೊಳಕೆ ಹುರುಳಿಗೆ ರಾಜಿಯಾಯಿತು. ಆರು ತಿಂಗಳಲ್ಲಿ ತೂಕ ಎರಡು ಕೆಜಿ ಏರಿದೆ. ಬೀದಿಯವರು ಯಾಕೆ ಮತ್ತೆ ದಪ್ಪ ಆದೆ ಎಂದು ಕೇಳುತ್ತಾರಂತೆ. ಈಳಿಗೆ ಮಣೆಯಿಂದ ಏಳುವಾಗ ಗೋಡೆ ಹಿಡಿಯುವುದಿಲ್ಲ. ಆ ಗೋಡೆಯ ಮೇಲಿನ ಕೈ ಗುರುತಿಗೆ ಯುಗಾದಿಯಲ್ಲಿ ಸುಣ್ಣ ಹೊಡೆಸಿದ್ದಾಳೆ.

ಹೋದ ತಿಂಗಳು ಕ್ಷೇತ್ರಕಾರ್ಯಕ್ಕೆಂದು ಕಡೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರ ಹಾಡು ದಾಖಲಿಸುವುದಿತ್ತು. ಕಲ್ಲು ಮುಂದಿಲ್ಲದೆ ಪದ ಬಾಯಿಗೆ ಬರೋದಿಲ್ಲ ಎಂದು ಅಜ್ಜಿ ಅಟ್ಟದಿಂದ ಬೀಸುಕಲ್ಲು ಇಳಿಸಲು ಹೇಳಿದರು. ಮೊಮ್ಮಗ ಹೊರಗೆ ಹೋಗಿದ್ದ, ನಾನೇ ಇಳಿಸಿದೆ. ಅಜ್ಜಿ ನನ್ನ ತೋಳನ್ನೊಮ್ಮೆ ಹಿಚುಕಿ ನೋಡಿ, “ಓದೋ ಹುಡ್ಗಿಗೆ ಇದ್ಯಾಕವ್ವ?” ಅಂದರು. ಜಿಮ್ಮು, 60 ಕೆಜಿ ಎಂದೆಲ್ಲ ಹೇಳಿದೆ. “ಅಂಗಾದ್ರೆ ತಿರುಗ್ಸು ನೋಡಣ” ಎಂದು ಒಂದು ಸೇರು ರಾಗಿ ಮೊರದಲ್ಲಿ ತಂದಿಟ್ಟರು. ಕಾಲು ಚಾಚಿ ಕೂತು ಗೂಟ ಹಿಡಿದೆ. ಮೊದಲ ಐದು ನಿಮಿಷ ಚೆನ್ನಾಗಿತ್ತು. ಹತ್ತಾಗುವ ಹೊತ್ತಿಗೆ ಭುಜ ಉರಿಯತೊಡಗಿತು, ಬೆನ್ನಿನ ಬೆವರು ಸೊಂಟಕ್ಕೆ ಇಳಿಯಿತು, ಹಾಡಲು ಹೋದರೆ ಉಸಿರಿಲ್ಲ. ರೆಕಾರ್ಡರ್‌ನಲ್ಲಿ ನನ್ನ ಏದುಸಿರು ಅಜ್ಜಿಯ ದನಿಗಿಂತ ಜೋರಾಗಿ ದಾಖಲಾಗಿದೆ. ಅಜ್ಜಿ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬೆರಳಲ್ಲಿ ತೀಡಿ ನೋಡಿದರು. “ಇನ್ನೂ ಕಾಲ್ ಸೇರೂ ಆಗಿಲ್ವಲ್ಲವ್ವ,” ಅಂದು, ಇತ್ತ ಸರಿ ಎಂದು ಎದುರು ಕೂತು ಗೂಟಕ್ಕೆ ಇನ್ನೊಂದು ಕೈ ಹಾಕಿದರು.